ಮಾತು ಬಿಟ್ಟವರು ಬೆಟ್ಟ ಹತ್ತಿದ್ದು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಇದ್ದದ್ದು ಕಟ್ಟಡದ ಹಿಂಭಾಗದಲ್ಲಿ, ಬಾಯ್ಲರಿನ ಪಕ್ಕ. ಹಗಲೆಲ್ಲ ಉಗಿ, ಹಗಲೆಲ್ಲ ಸದ್ದು. ಇಸ್ತ್ರಿ ಕೋಣೆಗೆ ಮಾತ್ರ ಎತ್ತರದಲ್ಲಿ ಒಂದು ಕಿಟಕಿ ಇತ್ತು. ಆ ಕಿಟಕಿಯ ತುಂಬ ಒಂದು ಬೆಟ್ಟ ಇತ್ತು.

ಇಸ್ತ್ರಿ ಕೋಣೆಯ ಹಿರಿಯಳನ್ನು ಎಲ್ಲರೂ ಇಸ್ತ್ರಿಯಕ್ಕ ಅನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕೆಲಸಕ್ಕೆ ಸೇರಿದವಳು, ಹಾಸಿಗೆ ಬಟ್ಟೆಗಳ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತ, ಆ ಬೆಟ್ಟವನ್ನು ನೋಡುತ್ತ ತಲೆ ಬೆಳ್ಳಗೆ ಮಾಡಿಕೊಂಡಿದ್ದಳು. ಒಂದು ದಿನ ಹತ್ತಬೇಕು ಅಂತ ಅಂದುಕೊಳ್ಳುವುದೂ ಅವಳಿಗೆ ಕೆಲಸದ ಒಂದು ಭಾಗವೇ ಆಗಿಹೋಗಿತ್ತು. ಮಕ್ಕಳು ಚಿಕ್ಕವು, ಅತ್ತೆಗೆ ಹುಷಾರಿಲ್ಲ, ಗಂಡನಿಗೆ ಪಾಳಿ ಬದಲು, ಹೀಗೆ ಬೆಟ್ಟ ಅಲ್ಲೇ ಉಳಿಯಿತು, ಇವಳು ಇಲ್ಲೇ ಉಳಿದಳು.

ಈಗ ಮಂಡಿ ಕೈಕೊಟ್ಟಿತ್ತು. ಮೂಳೆ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ನೋಡಿ, ಎರಡೂ ಮಂಡಿ ಬದಲಾಯಿಸಬೇಕು, ಮುಂದಿನ ತಿಂಗಳೇ ಆಗಲಿ ಅಂದರು. ಆಮೇಲೆ ಬೆಟ್ಟ ಹತ್ತಬಹುದಾ ಅಂತ ಇವಳು ಕೇಳಿದಳು. ಮಂಡಿಯ ವಿಷಯ ಮಾತಾಡುವಾಗ ಬೆಟ್ಟ ಎಲ್ಲಿಂದ ಬಂತು ಅಂತ ಡಾಕ್ಟರಿಗೆ ತಿಳಿಯಲಿಲ್ಲ. ಆಮೇಲೆ ಸಮತಟ್ಟಿನಲ್ಲಿ ಆರಾಮಾಗಿ ಓಡಾಡಿಕೊಂಡಿರಿ, ಬೆಟ್ಟದ ಆಸೆ ಇದ್ದರೆ ಈಗಲೇ ತೀರಿಸಿಕೊಳ್ಳಿ, ಎರಡು ಕೋಲು ಹಿಡಿದು ನಿಧಾನಕ್ಕೆ ಹೋಗಿಬನ್ನಿ ಅಂತ ನಕ್ಕರು. ಅವರು ತಮಾಷೆಗೆ ಅಂದರೋ ನಿಜಕ್ಕೆ ಅಂದರೋ, ಇಸ್ತ್ರಿಯಕ್ಕ ಅದನ್ನು ಔಷಧಿ ಚೀಟಿಯ ಹಾಗೆ ತೆಗೆದುಕೊಂಡು ಬಂದಳು.

ಬಂದವಳು ಹರಿದ ಬಟ್ಟೆ ಹೊಲಿಯುವ ರೇಡಿಯೋಗೆ ವಿಷಯ ಹೇಳಿದಳು. ಆ ಹೆಂಗಸಿಗೆ ರೇಡಿಯೋ ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ. ಸಂಜೆ ಪಾಳಿ ಬಿಡುವುದರೊಳಗೆ ಒಗೆಯುವವರು, ಮಡಿಸುವವರು, ಗಾಡಿ ತಳ್ಳುವವರು ಎಲ್ಲರಿಗೂ ಬೆಟ್ಟದ ಹುಚ್ಚು ಹತ್ತಿತ್ತು. ಹೆಂಗಸರನ್ನು ಮಾತ್ರ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಒಬ್ಬ ಗೈಡ್ ಹುಡುಗಿಯನ್ನೂ ರೇಡಿಯೋನೇ ಹುಡುಕಿ ತಂದಳು.

ಹೊರಟವರಲ್ಲಿ ಇಸ್ತ್ರಿಯಕ್ಕನ ವಾರಗಿತ್ತಿಯೂ ಒಬ್ಬಳು. ಮೈದುನನ ಹೆಂಡತಿ. ಒಗೆಯುವ ಹಾಲಿನಲ್ಲಿ ದೊಡ್ಡ ಮಷೀನುಗಳೆಲ್ಲ ಅವಳ ಕೈಯಲ್ಲಿದ್ದವು. ಮನೆಯೂ ಒಂದೇ, ಇಸ್ತ್ರಿಯಕ್ಕ ಕೆಳಗೆ, ಅವಳು ಮೇಲೆ. ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಕಾರಣ ಒಂದು ಬಿಳಿ ಅಂಗಿ. ಮಹಡಿಯ ಮೇಲಿನ ತಂತಿಯಲ್ಲಿ ವಾರಗಿತ್ತಿ ತನ್ನ ಗಂಡನ ಅಂಗಿ ಒಗೆದು ಒಣಹಾಕಿದ್ದಳು. ಇಸ್ತ್ರಿಯಕ್ಕ ಮೇಲೆ ಹೋದವಳು ಅದನ್ನು ನೋಡಿ, ಕಾಲರಿನಲ್ಲಿ ಕಲೆ ಉಳಿದಿದೆ ಅಂತ ತೆಗೆದುಕೊಂಡು ಬಂದು, ಇನ್ನೊಂದು ಸಲ ತೊಳೆದು, ಮತ್ತೆ ಅಲ್ಲೇ ಹರವಿದಳು. ತಾನು ಮಾಡಿದ್ದು ಉಪಕಾರ ಅಂತಲೇ ಅವಳ ನಂಬಿಕೆ. ಆದರೆ ಬಟ್ಟೆ ತೊಳೆದು ಬದುಕುವವಳು ತೊಳೆದದ್ದನ್ನು ಇನ್ನೊಬ್ಬಳು ಮತ್ತೆ ತೊಳೆಯುವುದೆಂದರೆ, ನಾಲ್ಕು ಜನರ ಮುಂದೆ ಕೆನ್ನೆಗೆ ಹೊಡೆದ ಹಾಗೆ. ಅವತ್ತು ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ. ಗಂಡಂದಿರಿಬ್ಬರೂ ಏನೂ ಆಗದವರ ಹಾಗೆ ಒಂದೇ ಸೋಫಾದಲ್ಲಿ ಕೂತು ಟಿವಿ ನೋಡುತ್ತಿದ್ದರು. ಹೆಂಗಸರ ಮಧ್ಯೆ ಏನು ಹೇಳಬೇಕಾದರೂ ಮನೆಯಲ್ಲಿ ಮಕ್ಕಳು, ಕೆಲಸದಲ್ಲಿ ರೇಡಿಯೋ. ಮಷೀನು ತುಂಬಿದೆ ಅಂತ ಹೇಳು ಅವರಿಗೆ. ಕೇಳಿಸಿತು ಅಂತ ಹೇಳು ಅವಳಿಗೆ. ಇಬ್ಬರೂ ನಿಂತಿರುತ್ತಿದ್ದುದು ಒಂದೇ ಮೇಜಿನ ಆಚೆ ಈಚೆ.

ನೀನ್ಯಾಕೆ ಹೊರಟೆ ಅಂತ ರೇಡಿಯೋ ಕೇಳಿದ್ದಕ್ಕೆ ವಾರಗಿತ್ತಿ ಹೇಳಿದಳಂತೆ: "ಅವರು ಕೆಳಗಡೆ ಮಾತಾಡಿದ್ದೆಲ್ಲ ನನಗೆ ಮೇಲಕ್ಕೆ ಕೇಳುತ್ತೆ. ಇನ್ನು ಸಾಯೋ ತನಕ ಬೆಟ್ಟದ ಕಥೆ ಕೇಳಬೇಕಲ್ಲ. ಎಷ್ಟು ನಿಜ ಎಷ್ಟು ಸುಳ್ಳು ಅಂತ ಗೊತ್ತಿರಲಿ ಅಂತ ಹೊರಟೆ."

ಹೊರಡುವ ಮುಂಚೆ ಗೈಡ್ ಹುಡುಗಿ ಬಟ್ಟೆ ಮಡಿಸುವ ಕೋಣೆಗೆ ಬಂದು ಎಲ್ಲರನ್ನೂ ಕೂರಿಸಿಕೊಂಡು ಪಾಠ ಹೇಳಿದಳು. ಕಡ್ಡಿಯಂಥ ಹುಡುಗಿ, ಮಾತು ಮಾತ್ರ ಹೆಡ್‌ಮೇಡಮ್ಮಿನದು. ಕಾಲುಗುರು ಕತ್ತರಿಸಿಕೊಂಡು ಬನ್ನಿ, ಇಳಿಯುವಾಗ ಬೂಟಿಗೆ ಒತ್ತುತ್ತದೆ. ಬಾಯಾರುವ ಮುಂಚೆ ಗುಟುಕು ಗುಟುಕು ನೀರು ಕುಡಿಯಿರಿ. ಹಿಮ್ಮಡಿ ಚುರುಕ್ ಅಂದ ಕೂಡಲೇ ಹೇಳಿ, ಗುಳ್ಳೆ ಏಳುವ ತನಕ ಮುಚ್ಚಿಡಬೇಡಿ. ಕಲ್ಲಿನ ಮೇಲೆ ಬಿಳಿ ಬಣ್ಣದ ಗುರುತು ಇರುತ್ತದೆ, ಅದು ಬಿಟ್ಟು ಆಚೆ ಕಾಲಿಡಬೇಡಿ. ಇಷ್ಟಕ್ಕೂ ಹೆಂಗಸರು ತಲೆಯಾಡಿಸಿದರು. ಹತ್ತಿ ಬಟ್ಟೆ ಹಾಕಬೇಡಿ, ಬೆವರು ಹೀರಿ ಒದ್ದೆಯಾಗಿ ಮೈ ಕೊರೆಯುತ್ತದೆ ಅಂದಾಗ ಮಾತ್ರ ಕೋಣೆಯಲ್ಲಿ ಗುಜುಗುಜು ಎದ್ದಿತು. ಜನ್ಮವಿಡೀ ಹತ್ತಿಯನ್ನು ನಂಬಿದವರು ಅವರು. ಎಳೆ ಹುಡುಗಿ, ತಿಳಿಯದೆ ಅಂದಳು ಅಂತ ಕ್ಷಮಿಸಿದರು.

ಕೊನೆಗೆ ಅವಳು ಜೋಡಿಯ ನಿಯಮ ಹೇಳಿದಳು. ಇಬ್ಬಿಬ್ಬರು ಒಂದು ಜೋಡಿ. ತಿನ್ನುವುದು, ಕೂರುವುದು, ಪೊದೆಯ ಮರೆಗೆ ಹೋಗುವುದು ಎಲ್ಲ ಜೋಡಿಯಲ್ಲೇ. ಒಬ್ಬರು ವಾಪಸ್ ಅಂದರೆ ಇನ್ನೊಬ್ಬರೂ ವಾಪಸ್. ಹತ್ತಿದರೆ ಇಬ್ಬರೂ, ಇಳಿದರೆ ಇಬ್ಬರೂ. ಒಂದೇ ಮನೆಯವರು ಯಾರಾದರೂ ಇದ್ದೀರಾ ಅಂತ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ, ಆದರೆ ಎಲ್ಲರ ಕಣ್ಣೂ ಎರಡು ಕಡೆ ಹೋದವು.

"ಒಳ್ಳೇದಾಯ್ತು," ಅಂದಳು ಹುಡುಗಿ. "ನೀವಿಬ್ಬರು ಒಂದು ಜೋಡಿ. ಮನೆಯವರಾದ್ರೆ ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಗೊತ್ತಿರುತ್ತೆ."

ಇಸ್ತ್ರಿಯಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಷ್ಟು ವರ್ಷ ಕಾದ ಬೆಟ್ಟ, ಇರುವುದು ಇದೊಂದೇ ಅವಕಾಶ, ಅದು ಹೋಗಿ ಕೂತದ್ದು ವಾರಗಿತ್ತಿಯ ಕಾಲಿನ ಮೇಲೆ. ಅವಳು ಅರ್ಧ ದಾರಿಯಲ್ಲಿ ಸಾಕು ಅಂದುಬಿಟ್ಟರೆ ಮುಗಿಯಿತು. ಬೇಕೆಂತಲೇ ಅಂದುಬಿಟ್ಟರೆ?

ಮಳೆಕೋಟುಗಳನ್ನು ಬಾಡಿಗೆಗೆ ತಂದಿದ್ದರು. ಅಂಗಡಿಯವನು ಅವನ್ನು ಹಿಂದಿನ ದಿನ ಬೆಳಿಗ್ಗೆಯೇ ತಂದು ಬಟ್ಟೆ ವಿಂಗಡಿಸುವ ಕೋಣೆಯಲ್ಲಿ ಬುಟ್ಟಿಯಲ್ಲಿಟ್ಟು ಹೋಗಿದ್ದ. ಒಳ್ಳೆಯ ಕೋಟುಗಳು, ನೀರು ಬಿದ್ದರೆ ಮುತ್ತಿನ ಹಾಗೆ ಉರುಳಿಹೋಗುವಂಥವು. ಒಂದೊಂದರ ಎದೆಯ ಮೇಲೂ ದಾರದಲ್ಲಿ ಪ್ಲಾಸ್ಟಿಕ್ ಸೀಟಿ. ಕಳೆದುಹೋದರೆ ಊದುವುದಕ್ಕೆ. ಸಂಜೆ ಪಾಳಿಯಲ್ಲಿ ಇಸ್ತ್ರಿಯಕ್ಕ ಬುಟ್ಟಿಯ ಮುಂದೆ ನಿಂತಳು. ಯಾರುಯಾರು ಹಾಕಿ ಬಿಟ್ಟದ್ದೋ. ಮೂಸಿ ನೋಡಿದಳು. ಎಲ್ಲೋ ಒಂದಿಷ್ಟು ಸೋಪಿನ ವಾಸನೆ ಇತ್ತು, ಅಂಗಡಿಯವರ ಕಾಟಾಚಾರದ ತೊಳೆತ ಅಂದುಕೊಂಡಳು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಅಷ್ಟರಲ್ಲಿ ಸಮಾಧಾನವಾದೀತೇ? ಕುದಿಯುವ ನೀರಿಗೆ ಹಾಕಿದಳು. ಆಪರೇಷನ್ ಕೋಣೆಯ ಬಟ್ಟೆಗೆ ಹಾಕುವ ಪುಡಿ ಹಾಕಿದಳು. ದೊಡ್ಡ ಡ್ರೈಯರಿನಲ್ಲಿ ತಿರುಗಿಸಿದಳು. ಮೇಲೆ ಬಟ್ಟೆ ಹಾಸಿ ಹಗುರಾಗಿ ಇಸ್ತ್ರಿ ಎಳೆದಳು. ತಲೆಗವುಸು ಜೋಲುತ್ತಿತ್ತು, ಅದಕ್ಕಷ್ಟು ಗಂಜಿ ಹಾಕಿದಳು. ಸೀಟಿಗಳು ಬಿಸಿಗೆ ಸ್ವಲ್ಪ ಸೊಟ್ಟಗಾಗಿದ್ದವು. ಊದುವುದು ಬಾಯಿಯಲ್ಲಿ ತಾನೇ, ಸೊಟ್ಟಗಿದ್ದರೇನು ಅಂತ ಬಿಟ್ಟಳು. ಬೂಟುಗಳನ್ನೂ ತೊಳೆಯುತ್ತಿದ್ದಳೇನೋ, ಪುಣ್ಯಕ್ಕೆ ಅವು ಇನ್ನೂ ಅಂಗಡಿಯಲ್ಲೇ ಇದ್ದವು.

ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಕೋಟು ಹಂಚಿದಾಗ ಗೈಡ್ ಹುಡುಗಿ ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ತೋಳಿನ ಉದ್ದಕ್ಕೂ ಕತ್ತಿಯಂಥ ಮಡಿಕೆ. ತಲೆಗವುಸು ನೆಟ್ಟಗೆ ನಿಂತಿತ್ತು. ಇಷ್ಟು ವರ್ಷದಲ್ಲಿ ಗರಿಗರಿ ಇಸ್ತ್ರಿ ಮಾಡಿದ ಮಳೆಕೋಟು ಇದೇ ಮೊದಲು ನೋಡಿದ್ದು ಅಂದಳು. ಇಸ್ತ್ರಿಯಕ್ಕ ಅದನ್ನು ಹೊಗಳಿಕೆ ಅಂತ ತಿಳಿದು, ಇರಲಿ ಬಿಡಮ್ಮ ಅಂತ ಕೈಯಾಡಿಸಿದಳು.

ಹತ್ತುವುದು ಶುರುವಾಯಿತು. ಮುಂದೆ ಗೈಡ್ ಹುಡುಗಿ, ಹಿಂದೆ ಅವಳ ಜೊತೆಗಾತಿ, ಮಧ್ಯೆ ಜೋಡಿ ಜೋಡಿಯಾಗಿ ಹೆಂಗಸರು. ಜೋಡಿಯಲ್ಲಿ ನಿಧಾನದವರು ಮುಂದಿರಬೇಕು ಅನ್ನುವ ನಿಯಮದಂತೆ ಇಸ್ತ್ರಿಯಕ್ಕ ಮುಂದೆ, ವಾರಗಿತ್ತಿ ಅವಳ ಬೆನ್ನಿಗೆ. ಇಸ್ತ್ರಿಯಕ್ಕ ಮೊದಲು ಕೋಲೂರಿ, ಆಮೇಲೆ ಕಾಲೂರಿ, ಮಂಡಿಯನ್ನು ಹಸುಗೂಸಿನ ಹಾಗೆ ನೋಡಿಕೊಂಡು ಹೋದಳು. ಮಾತಿನ ಅಗತ್ಯ ಬೀಳಲಿಲ್ಲ. ನೀರು ಬೇಕಾದರೆ ಸೀಸೆ ಅಲ್ಲಾಡಿಸುವುದು, ನಿಲ್ಲಬೇಕಾದರೆ ಕೋಲು ಅಡ್ಡ ಹಿಡಿಯುವುದು. ಒಂದು ಸಲ ಪೊದೆಯ ಮರೆಗೂ ಹೋಗಬೇಕಾಯಿತು. ಒಬ್ಬಳು ಕೂತಾಗ ಇನ್ನೊಬ್ಬಳು ಬೆನ್ನು ತಿರುಗಿಸಿ ಕಾವಲು ನಿಂತಳು, ಆಮೇಲೆ ಇವಳ ಸರದಿ. ಮುಗಿಯಿತು ಅಂತ ತಿಳಿಸುವುದಕ್ಕೆ ಕೋಲಿನಿಂದ ಕಲ್ಲು ಕುಟ್ಟಿದರು. ಮುಂದೆ ಹೋಗುತ್ತಿದ್ದ ರೇಡಿಯೋ ಇದನ್ನು ನೋಡಿ ನಗು ತಡೆಯಲಾರದೆ ಕೆಮ್ಮಿದಳು.

ಅರ್ಧ ದಾಟಿದ ಮೇಲೆ ಮಂಜು ಇಳಿಯಿತು. ನೋಡುನೋಡುತ್ತಿದ್ದ ಹಾಗೆ ಮುಂದಿನವಳ ಬೆನ್ನು ಮಾಯವಾಯಿತು. ಜೊತೆಗೆ ಸೋನೆ. ಗೈಡ್ ಹುಡುಗಿ ಎಲ್ಲರನ್ನೂ ನಿಲ್ಲಿಸಿದಳು. ಇನ್ನು ಮೇಲೆ ದಾರಿ ಸರಿಯಾಗಿಯೇ ಇದೆ, ಬಲಗಡೆ ಮಾತ್ರ ಇಳಿಜಾರು, ಹೆದರುವುದು ಬೇಡ. ಆದರೆ ಜೋಡಿಯಲ್ಲಿ ಸದ್ದು ನಿಲ್ಲಬಾರದು. ಒಂದೋ ಸೀಟಿ ಊದುತ್ತಿರಿ, ಇಲ್ಲ ಮಾತಾಡುತ್ತಿರಿ. ಸದ್ದು ನಿಂತರೆ ಎಲ್ಲರೂ ನಿಲ್ಲಬೇಕು.

ಇಸ್ತ್ರಿಯಕ್ಕನಿಗೆ ಜೀವ ಬಂದ ಹಾಗಾಯಿತು. ಸೀಟಿ ಇದೆಯಲ್ಲ, ಮಾತಿನ ಗೊಡವೆ ಯಾಕೆ. ಬಾಯಿಗಿಟ್ಟು ಊದಿದಳು. ಫುಸ್ ಅಂದಿತು. ಹಿಂದಿನಿಂದಲೂ ಫುಸ್ ಅಂತ ಕೇಳಿಸಿತು. ಬೆಟ್ಟದ ಮೇಲೆ ಕೆಳಗೆ ಎಲ್ಲೆಲ್ಲೂ ಫುಸ್, ಫುಸ್. ಒಂದೇ ಒಂದು ಸೀಟಿಗೂ ದನಿ ಉಳಿದಿರಲಿಲ್ಲ. ಉಳಿದ ಹೆಂಗಸರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ, ಅವರು ಊರಿನವರ ಸಂಸಾರವನ್ನೆಲ್ಲ ಎತ್ತಿಕೊಂಡು ಹರಟುತ್ತ ಹೊರಟರು. ಇವರಿಬ್ಬರು ಮಾತ್ರ ಕಷ್ಟಕ್ಕೆ ಸಿಕ್ಕಿದರು.

ಇಸ್ತ್ರಿಯಕ್ಕ ಒಂದು ಸಲ ಕೆಮ್ಮಿದಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಕೆಮ್ಮು ಬಂತು. ಉಪಾಯ ಇಬ್ಬರಿಗೂ ಹಿಡಿಸಿತು. ಹೀಗೆ ಕೆಮ್ಮಿಗೆ ಕೆಮ್ಮು ಕೊಡುತ್ತ ಒಳ್ಳೆಯ ದೂರ ಹತ್ತಿದರು. ಅಷ್ಟರಲ್ಲಿ ಮಂಜಿನಿಂದ ಗೈಡ್ ಹುಡುಗಿ ಕಣ್ಣೆದುರು ಬಂದು ನಿಂತಳು.

"ಈ ಕೆಮ್ಮು ನಂಗೆ ಸರಿ ಕಾಣ್ತಿಲ್ಲ," ಅಂದಳು. "ಎದೆ ಹಿಡ್ಕೊಂಡಿದ್ರೆ ಮೇಲೆ ಕರ್ಕೊಂಡು ಹೋಗಲ್ಲ. ನನ್ನ ಜೊತೆಯವಳು ಇಬ್ಬರನ್ನೂ ಕೆಳಗೆ ಬಿಟ್ಟು ಬರ್ತಾಳೆ."

ಕೆಮ್ಮಲ್ಲ, ಸುಮ್ಮನೆ ಸದ್ದು ಮಾಡುತ್ತಿದ್ದೆವು ಅಂತ ಇಸ್ತ್ರಿಯಕ್ಕ ತೊದಲಿದಳು. ಸದ್ದು ಮಾಡುವುದಕ್ಕೆ ಬಾಯಲ್ಲಿ ಮಾತಿಲ್ಲವಾ ಅಂತ ಹುಡುಗಿ ಕೇಳಿದಳು. ಇನ್ನೂ ಒಂದು ಸಲ ಕೆಮ್ಮು ಕೇಳಿಸಿದರೆ, ಇಲ್ಲ ಏನೂ ಕೇಳಿಸದೆ ಹೋದರೆ, ಇಬ್ಬರೂ ವಾಪಸ್ ಅಂತ ಹೇಳಿ ಮುಂದೆ ಹೋದಳು.

ಇಸ್ತ್ರಿಯಕ್ಕ ನಾಲ್ಕು ಹೆಜ್ಜೆ ಇಟ್ಟಳು. ಕೊನೆಗೆ ನೆಲ ನೋಡಿಕೊಂಡು, ಕಲ್ಲಿಗೇ ಹೇಳುವವಳ ಹಾಗೆ, "ಇಲ್ಲೊಂದು ಕಲ್ಲಿದೆ," ಅಂದಳು.

"ಕಂಡಿತು," ಅಂತ ಹಿಂದಿನಿಂದ ಬಂತು. ಅದೂ ಕಲ್ಲಿಗೇ ಹೇಳಿದ್ದು.

"ಇಲ್ಲಿ ಜಾರುತ್ತೆ."

"ಕಂಡಿತು."

"ಬೇರು ಅಡ್ಡ ಬಂದಿದೆ."

"ಕಂಡಿತು."

ಇಸ್ತ್ರಿಯಕ್ಕನಿಗೆ ರೇಗಿತು. "ಕಂಡಿತು ಕಂಡಿತು ಅಂತೀಯಲ್ಲ, ಈ ಮಂಜಲ್ಲಿ ನನಗೇ ಏನೂ ಕಾಣ್ತಿಲ್ಲ, ನಿನಗೆ ಏನು ಕಂಡಿತು?"

"ನಿಮಗೆ ಇಲ್ಲದ ಕಲೆ ಕಾಣುತ್ತೆ. ನನಗೆ ಇರೋ ಕಲ್ಲು ಕಾಣಬಾರದಾ?"

ಅಲ್ಲಿಗೆ ಕಟ್ಟೆ ಒಡೆಯಿತು. ಇಷ್ಟು ವರ್ಷ ಮಕ್ಕಳ ಬಾಯಲ್ಲಿ, ರೇಡಿಯೋ ಬಾಯಲ್ಲಿ ಅರ್ಧಂಬರ್ಧ ಸೋರಿದ್ದೆಲ್ಲ ಈಗ ನೇರವಾಗಿ ಸುರಿಯತೊಡಗಿತು. ಮಹಡಿಯ ತಂತಿಯಲ್ಲಿ ಬಿಸಿಲು ಬೀಳುವ ಕಡೆಯೆಲ್ಲ ನೀವೇ ಹಿಡಿದಿರಿ ಅಂತ ವಾರಗಿತ್ತಿ. ನೀನು ಬಕೆಟ್ಟನ್ನು ತಲೆಯ ಮೇಲೆ ಎಳೆದಾಡುವ ಸದ್ದಿಗೆ ನಾನೊಂದು ದಿನ ಮಧ್ಯಾಹ್ನ ಕಣ್ಣು ಮುಚ್ಚಿಲ್ಲ ಅಂತ ಇಸ್ತ್ರಿಯಕ್ಕ. ಅತ್ತೆ ಯಾರಿಗೆ ಎಷ್ಟು ಪಕ್ಷಪಾತ ಮಾಡಿದರು, ಕೊನೆಗಾಲದಲ್ಲಿ ಯಾರು ಎಷ್ಟು ಮಾಡಿದರು, ಯಾರ ಮಗಳ ಮದುವೆಯಲ್ಲಿ ಯಾರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಮುಂದಿನ ಜೋಡಿಗಳು ಒಂದೊಂದಾಗಿ ತಮ್ಮ ಹರಟೆ ನಿಲ್ಲಿಸಿ ಕಿವಿ ಕೊಟ್ಟವು. ರೇಡಿಯೋಗೆ ಜೀವನದಲ್ಲಿ ಮೊದಲ ಬಾರಿಗೆ ಹೇಳುವುದಕ್ಕಿಂತ ಕೇಳುವುದೇ ಹಿತವಾಗಿ ಕಂಡಿತು. ಮಂಜಿನಲ್ಲಿ ದಾರಿ ಕಾಣದಿದ್ದರೂ, ಈ ಜಗಳ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು.

ಮಧ್ಯೆ ವಾರಗಿತ್ತಿ, ಕೋಟು ನೀರು ಕುಡಿದು ಮಣ ಭಾರವಾಗಿದೆ, ಬಂದಾಗ ಹೀಗಿರಲಿಲ್ಲ ಅಂದಳು. ಬಂದಾಗ ಹೇಗಿತ್ತು ಅಂತ ನಿನಗೇನು ಗೊತ್ತು ಅಂತ ಇಸ್ತ್ರಿಯಕ್ಕ ತಿರುಗಿ ಕೇಳಿದಳು.

"ನಾನೇ ತೊಳೆದಿದ್ನಲ್ಲ. ಬೆಳಿಗ್ಗೆ ಪಾಳೀಲಿ, ತಣ್ಣೀರಲ್ಲಿ, ಸೀಟಿ ಬಿಚ್ಚಿಟ್ಟು, ಕೈಯಲ್ಲಿ ತೊಳೆದೆ. ನೆರಳಲ್ಲಿ ಒಣಗಿಸಿ, ಮತ್ತೆ ಸೀಟಿ ಕಟ್ಟಿ ಬುಟ್ಟೀಲಿ ಇಟ್ಟೆ."

ಇಸ್ತ್ರಿಯಕ್ಕ ಕೋಲೂರಿ ನಿಂತುಬಿಟ್ಟಳು. ಅಂಗಡಿಯವರ ಕಾಟಾಚಾರದ ತೊಳೆತ ಅಂದುಕೊಂಡ ಆ ಸೋಪಿನ ವಾಸನೆ ಈಗ ಮೂಗಿಗೆ ಬಂದು ಹೊಡೆಯಿತು. ಅಷ್ಟರಲ್ಲಿ ಹಿಂದಿನವಳಿಗೆ ಹೊಳೆದುಹೋಯಿತು.

"ನೀವು ಮತ್ತೆ ತೊಳೆದ್ರಾ?"

"ನೀನು ತೊಳೆದಿದ್ದು ಅಂತ ಗೊತ್ತಿರಲಿಲ್ಲ ಕಣೆ."

ಉತ್ತರ ಬರಲಿಲ್ಲ. ಇಸ್ತ್ರಿಯಕ್ಕ ಕಾದಳು. ಹಿಂದೆ ಬರಿಯ ಬಿಳಿ. ಕೊನೆಯಲ್ಲಿದ್ದ ಜೊತೆಗಾತಿ ಯಾರದೋ ಹಿಮ್ಮಡಿಯ ಗುಳ್ಳೆಗೆ ಪಟ್ಟಿ ಹಚ್ಚುತ್ತ ಇನ್ನೂ ಕೆಳಗಿದ್ದಳು. ಮೇಲಿನಿಂದ ಗೈಡ್ ಹುಡುಗಿಯ ದನಿ ಬಂತು, ಹಿಂದೆ ಯಾಕೆ ಸದ್ದಿಲ್ಲ, ಉತ್ತರ ಬರದಿದ್ದರೆ ಎಲ್ಲರನ್ನೂ ಇಳಿಸುತ್ತೇನೆ ಅಂತ. ಬೆಟ್ಟ ಹೋಯಿತು ಅಂದುಕೊಂಡಳು ಇಸ್ತ್ರಿಯಕ್ಕ. ಅದರ ಬೆನ್ನಿಗೇ ಬಲಗಡೆಯ ಇಳಿಜಾರು ನೆನಪಾಯಿತು. ಸಿಟ್ಟಿನಲ್ಲಿ ತಿರುಗಿ ಇಳಿಯುವುದಕ್ಕೆ ಹೋಗಿ, ಗುರುತು ತಪ್ಪಿ, ಆಚೆ ಕಾಲಿಟ್ಟಿದ್ದರೆ? ಈಗ ಬೆಟ್ಟದ ಯೋಚನೆ ಇರಲಿಲ್ಲ. ಏ ಅಂತ ಕೂಗಿದಳು. ಇಲ್ಲ. ಕೇಳಿಸ್ತಾ ಅಂದಳು. ಇಲ್ಲ. ತಪ್ಪಾಯಿತು ಅಂತಲೂ ಅಂದಳು, ಆದರೆ ಆ ಮಾತು ಬಾಯಿಗೆ ಅಭ್ಯಾಸವಿಲ್ಲದ್ದರಿಂದ ಬಹಳ ಸಣ್ಣಗೆ ಬಂತು, ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಒಂದೇ ಮನೆಯಲ್ಲಿ ಬಾಳಿದವಳು. ಯಾವುದಕ್ಕೆ ವಾರಗಿತ್ತಿ ಬಾಯಿ ತೆರೆಯದೆ ಇರಲಾರಳು ಅನ್ನುವುದು ಇಸ್ತ್ರಿಯಕ್ಕನಿಗೆ ಗೊತ್ತಿತ್ತು. ಎರಡೂ ಕೈ ಬಾಯಿಗೆ ಹಿಡಿದು, ಇರುವ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದಳು.

"ಆ ಕಾಲರಿನ ಕಲೆ ಇವತ್ತಿಗೂ ಹಾಗೇ ಇದೆ! ನಿನಗೆ ಒಗೆಯೋಕೆ ಬರಲ್ಲ!"

"ಯಾರಿಗೆ ಬರಲ್ಲ?"

ಮಾತು ಬಂದದ್ದು ಮಾರು ದೂರದಿಂದ. ದಾರಿಯ ಮೇಲೇ, ಒಂದು ಬಂಡೆಗೆ ಒರಗಿ ಮುಖ ಊದಿಸಿಕೊಂಡು ನಿಂತಿದ್ದಳು, ಅಷ್ಟೇ. ಈಗ ಕೋಲು ಎತ್ತಿಕೊಂಡು, ಒದ್ದೆ ಕೋಟನ್ನು ಎಳೆದುಕೊಂಡು, ನೆಟ್ಟಗೆ ನಿಂತ ತಲೆಗವುಸಿನೊಂದಿಗೆ ಮಂಜು ಸೀಳಿಕೊಂಡು ಬಂದಳು. ಅವಳ ಮುಖ ನೋಡಿದ ಇಸ್ತ್ರಿಯಕ್ಕ ಸಮಾಧಾನದ ಉಸಿರು ಬಿಡುವುದಕ್ಕೂ ನಿಲ್ಲದೆ, ತಿರುಗಿ ಬೆಟ್ಟ ಹತ್ತತೊಡಗಿದಳು. ಮಂಡಿ ಅನ್ನುವುದೊಂದು ಇದೆ ಅಂತ ಮರೆತೇ ಹೋಯಿತು. ಆಪರೇಷನ್ ಕೋಣೆಯ ಬಟ್ಟೆಯನ್ನು ಹಾಲಿನ ಹಾಗೆ ಮಾಡಿ ಕಳಿಸುವವಳು ನಾನು, ಅದಕ್ಕೆ ಗೆರೆ ಎಳೆದು ಹೆಸರು ತಗೊಳ್ಳುವವರು ನೀವು ಅಂತ ಹಿಂದಿನಿಂದ. ಗೆರೆ ಎಳೆಯುವುದು ಎಷ್ಟು ಕಷ್ಟ ಅಂತ ಒಂದು ದಿನ ಆ ಪೆಟ್ಟಿಗೆ ಹಿಡಿದು ನೋಡು ಅಂತ ಮುಂದಿನಿಂದ. ಜಗಳ ಮುಂದಿನ ಜೋಡಿಯನ್ನು ಹಿಂದಿಕ್ಕಿತು. ಅದರ ಮುಂದಿನದನ್ನೂ ಹಿಂದಿಕ್ಕಿತು. ದಾರಿ ಗೊತ್ತಾಗದೆ ನಿಂತಿದ್ದವರೆಲ್ಲ ಈ ದನಿಯ ಬಾಲ ಹಿಡಿದುಕೊಂಡು ಹತ್ತಿದರು. ಗೈಡ್ ಹುಡುಗಿ ಪಕ್ಕದಲ್ಲೇ ನಡೆಯುತ್ತ ಎರಡು ಸಲ ನಿಧಾನ, ನಿಧಾನ ಅಂದಳು, ಆಮೇಲೆ ಅದನ್ನೂ ಬಿಟ್ಟಳು.

ಒಂದು ಕಡೆ ನೆಲ ಸಮವಾಯಿತು. ಮುಂದೆ ಕಲ್ಲುಗಳ ಒಂದು ಗುಪ್ಪೆ ಇತ್ತು. ಹುಡುಗಿ ಇಸ್ತ್ರಿಯಕ್ಕನ ತೋಳು ಮುಟ್ಟಿ, ಬಂತು ಅಂದಳು.

"ಇರಮ್ಮ," ಅಂದಳು ಇಸ್ತ್ರಿಯಕ್ಕ. "ಇವಳಿಗೆ ಒಂದು ಮಾತು ಹೇಳಿ ಮುಗಿಸ್ತೀನಿ."

"ಅಕ್ಕ, ತುದಿ ಬಂತು. ಇದೇ ತುದಿ. ಇನ್ನು ಹತ್ತೋಕೆ ಏನಿಲ್ಲ."

ಇಸ್ತ್ರಿಯಕ್ಕ ಸುತ್ತ ನೋಡಿದಳು. ಮೇಲೆ ಬಿಳಿ, ಕೆಳಗೆ ಬಿಳಿ, ಕೋಟಿನ ತೋಳಿನಿಂದ ನೀರು ತೊಟಕ್ ತೊಟಕ್. ಸರಿಯಾಗಿ ಗೊತ್ತಾ ನಿನಗೆ ಅಂತ ಹುಡುಗಿಯನ್ನು ಕೇಳಿದಳು. ಗೊತ್ತು ಅಂದಳು ಹುಡುಗಿ. ಇಸ್ತ್ರಿಯಕ್ಕ ಹೋಗಿ ಕಲ್ಲಿನ ಗುಪ್ಪೆಯ ಮೇಲೆ ಅಂಗೈ ಇಟ್ಟಳು, ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದಳು. ಆಮೇಲೆ ಹಿಂತಿರುಗಿ, ವಾರಗಿತ್ತಿ ಬೆಟ್ಟವನ್ನು ನೋಡದೆ ತನ್ನ ಮಂಡಿಯನ್ನೇ ನೋಡುತ್ತಿರುವುದನ್ನು ಕಂಡು, ಏನು ಅಂತ ಹುಬ್ಬೇರಿಸಿದಳು.

"ಏನಿಲ್ಲ. ನಡುಗ್ತಿದೆ, ಕೂತ್ಕೊಳ್ಳಿ," ಅಂದಳು ವಾರಗಿತ್ತಿ.

ಇಬ್ಬರೂ ಕೂತರು. ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ರೇಡಿಯೋ ಇಬ್ಬರ ಮುಂದೆಯೂ ಬಂದು ನಿಂತಳು, ಯಾರಿಂದ ಯಾರಿಗೆ ಏನು ಹೇಳಬೇಕು ಅಂತ ಕಾದಳು. ಯಾರೂ ಒಂದು ಮಾತನ್ನೂ ಕೊಟ್ಟು ಕಳಿಸಲಿಲ್ಲ. ಪಾಪ, ಕೆಲಸ ಹೋದವಳ ಹಾಗೆ ಅತ್ತ ಹೋದಳು.

ಇಳಿಯುವಾಗ ಮಂಜು ಸರಿಯಿತು. ದೂರದ ಕೆಳಗೆ ಛಾವಣಿಗಳು ಕಂಡವು. ಬೀಳುವವರು ಬೀಳುವುದು ಇಳಿಯುವಾಗಲೇ, ಸಣ್ಣ ಹೆಜ್ಜೆ ಇಡಿ, ಈಗ ದಾರಿ ಕಾಣುತ್ತಿದೆಯಲ್ಲ, ಮಾತು ಬೇಕಿಲ್ಲ, ಕಾಲಿನ ಕಡೆ ನೋಡಿಕೊಂಡು ಬನ್ನಿ ಅಂದಳು ಗೈಡ್ ಹುಡುಗಿ. ಎಲ್ಲರೂ ಸುಮ್ಮನಾದರು. ಇವರಿಬ್ಬರೂ ಸುಮ್ಮನಾದರು. ಸುಮ್ಮನಾದ ಕೂಡಲೇ ಮರೆತಿದ್ದ ಮಂಡಿ ನೆನಪಾಯಿತು, ಒಂದೊಂದು ಹೆಜ್ಜೆಗೂ ಒಳಗೆ ಮೊಳೆ ಹೊಡೆದ ಹಾಗೆ. ಒಂದು ಕಡೆ ಮೆಟ್ಟಿಲಿನಂಥ ಬಂಡೆ, ಎತ್ತರ ಜಾಸ್ತಿ. ಇಸ್ತ್ರಿಯಕ್ಕ ಅದರ ಅಂಚಿಗೆ ನಿಂತು ಕೋಲು ಅತ್ತ ಇಟ್ಟಳು, ಇತ್ತ ಇಟ್ಟಳು. ಕಾಲು ಕೆಳಗಿಡಲು ಧೈರ್ಯ ಬರಲಿಲ್ಲ.

ಈ ಸಲ ಮುಂದಿದ್ದವಳು ವಾರಗಿತ್ತಿ. ಇಳಿದು ನಿಂತು, ಬೆನ್ನು ತಿರುಗಿಸಿ, ಸ್ವಲ್ಪ ಬಗ್ಗಿದಳು.

"ಭುಜದ ಮೇಲೆ ಕೈ ಇಡಿ, ಅಕ್ಕ."

ನಾನೇ ಇಳಿಯುತ್ತೇನೆ ಅಂದಳು ಇಸ್ತ್ರಿಯಕ್ಕ. ಇಳಿಯಿರಿ, ನೋಡ್ತೀನಿ ಅಂತ ಬಗ್ಗಿದವಳು ಬಗ್ಗಿಯೇ ಇದ್ದಳು. ಹಿಂದೆ ಸಾಲಾಗಿ ಹೆಂಗಸರು ಕಾಯುತ್ತಿದ್ದರು. ಇಸ್ತ್ರಿಯಕ್ಕ ಕೈ ಇಟ್ಟಳು. ಒದ್ದೆ ಕೋಟಿನಿಂದ ನೀರು ಮೊಣಕೈ ತನಕ ಹರಿಯಿತು.

"ಇನ್ನೂ ಸ್ವಲ್ಪ ತಗ್ಗು," ಅಂದಳು.

"ತಗ್ಗಿದ್ದೀನಿ."

"ಎಲ್ಲಿ ತಗ್ಗಿದ್ದೀಯ, ಹಾಗೇ ನಿಂತಿದ್ದೀಯ."

"ಇದಕ್ಕಿಂತ ತಗ್ಗಿದ್ರೆ ನಾನೇ ಉರುಳ್ತೀನಿ. ಎಡಗಾಲು ಮೊದಲು ಇಡಿ. ಅದಲ್ಲ, ಎಡಗಾಲು."

ಇಸ್ತ್ರಿಯಕ್ಕ ಎಡಗಾಲು ಮೊದಲು ಇಟ್ಟಳು.